ಭಾವನವರ ಈಳಗಿ ಬೂಟು

ಹೋರಿ ಪಳಗಿಸುವವರನ್ನು ನಾನು ಕಂಡಿದ್ದೇನೆ. ಕುದುರೆ ಪಳಗಿಸುವವರ ವಿಷಯ ಕೇಳಿದ್ದೇನೆ. ಮನಸ್ಸೆಂಬ ಮರ್ಕಟವನ್ನೇ ಪಳಗಿಸಿದ ಮಹಾನುಭಾವರ ಪಾದಗಳಿಗೆ ದಿನವೂ ಮುಂಜಾನೆ ನಮಸ್ಕರಿಸುತ್ತೇನೆ. ಆದರೆ ಬೂಟು ಪಳಗಿಸುವುದಕ್ಕೆಂದೇ ವರ್ಷದ ರಜೆಯನ್ನೆಲ್ಲ ಒಟ್ಟುಗೂಡಿಸಿಕೊಂಡು, ಲಡಾಖಿನಿಂದ ಶಲವಡಿಯವರೆಗೆ ಬಂದಿಳಿದ ಪುರುಷಶ್ರೇಷ್ಠರು ಮೂರು ಲೋಕದಲ್ಲಿ ಒಬ್ಬರೇ: ನಮ್ಮ ಭಾವನವರು! ಹೆಸರು ಮಾತ್ರ ಹೇಳಲಾರೆ. ಅವರು ಸೈನ್ಯದಿಂದ ನಿವೃತ್ತರಾಗಿ ಬಹುಕಾಲವಾಯಿತು. ಅವರ ಸಿಟ್ಟಿಗೆ ಇನ್ನೂ ನಿವೃತ್ತಿ ದೊರೆತಿಲ್ಲ.

ಅದು ಎಪ್ಪತ್ತರ ದಶಕದ ನಡುವಿನ ಒಂದು ಶ್ರಾವಣ. ನಾನಾಗ ಅಣ್ಣಿಗೇರಿಯ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ತಿಂಗಳ ಪುರಾಣ ಹೇಳಬೇಕೆಂದು ಶಲವಡಿಯ ಹಿರಿಯರು ಕರೆಸಿದ್ದರಿಂದ ಅಲ್ಲಿಯೇ ಇದ್ದ ಅಕ್ಕನ ಮನೆಯಲ್ಲಿ ತಂಗಿದ್ದೆ. ಸತ್ಯವಾಗಿ ಹೇಳುವುದಾದರೆ, ಆ ಶ್ರಾವಣದಲ್ಲಿ ನನ್ನ ಪುರಾಣಕ್ಕೆ ಸೇರಿದ್ದಕ್ಕಿಂತ ಹೆಚ್ಚು ಜನ ಭಾವನವರ ಕಟ್ಟೆಯ ಮುಂದೆ ಸೇರುತ್ತಿದ್ದರು. ಪರಮೇಶ್ವರನ ಲೀಲೆಯನ್ನು ಅವರು ಹಿಂದೆಯೂ ಕೇಳಿದ್ದರು. ಇಂಥ ಲೀಲೆಯನ್ನು ಕಂಡಿರಲಿಲ್ಲ!

ಬಂದ ದಿನವೇ ಭಾವನವರು ಟ್ರಂಕು ತೆರೆದು, ಪೂಜೆಯ ಸಂಪುಟ ತೆಗೆಯುವವರ ಗಾಂಭೀರ್ಯದಿಂದ, ಒಂದು ಜೊತೆ ಬೂಟು ಹೊರತೆಗೆದರು. ಕಪ್ಪು ಚರ್ಮ, ಪಾದದ ಕೀಲಾದ ಹರಡಿನ ಮೇಲಕ್ಕೂ ಏರುವ ಎತ್ತರ, ಅಂಗಾಲಿನ ಅಡಿಯಲ್ಲಿ ಉದ್ದಕ್ಕೂ ಉಕ್ಕಿನ ಅಲಗು! ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅಕ್ಕ ಕುತ್ತಿಗೆ ಚಾಚಿ ನೋಡಿದಳು.

"ಏನ್ರಿ ಇದು? ಕಾಯಿಪಲ್ಲೆ ಹೆಚ್ಚೂ ಈಳಗಿಗೆ ಬೂಟು ಹೊಲಿಸಿಕೊಂಡು ಬಂದೀರೇನು?"

"ಇದು ಐಸ್ ಹಾಕಿ ಆಡೋ ಬೂಟು. ಇದನ್ನ ಹಾಕ್ಕೊಂಡು ಬರ್ಫದ ಮ್ಯಾಲೆ ಜಾರಿಕೋತ ಆಡತೀವಿ."

"ಜಾರೂದಕ್ಕ ಬೂಟು ಬೇರೆ ಬೇಕ? ನಾ ದಿನಾ ಕೆರಿ ಪಾವಟಿಗಿ ಮ್ಯಾಲೆ ಕೊಡ ಹೊತ್ತು ಬರಿಗಾಲಿಲೆ ಜಾರತೇನಿ. ನನಗ ಯಾವ ಸರಕಾರ ಬೂಟು ಕೊಟ್ಟೈತ್ರಿ?"

ಭಾವನವರು ತಮ್ಮ ಪಲ್ಟನ್ನಿನ ಗೋಲು ಕಾಯುವವರು. ಆ ಆಟದಲ್ಲಿ ಚೆಂಡಿಲ್ಲ. ಬೆಲ್ಲದ ಸಣ್ಣ ಅಚ್ಚಿನಂಥ ಕಪ್ಪು ರಬ್ಬರಿನ ಬಿಲ್ಲೆ. ಬೂಟು ಸಡಿಲವಿದ್ದರೆ ಅಲಗು ಕಾಲಿನ ಮಾತು ಕೇಳುವುದಿಲ್ಲ. ಬಿಗಿಯಿದ್ದರೆ ಕಾಲು ಮನುಷ್ಯನ ಮಾತು ಕೇಳುವುದಿಲ್ಲ. ಅವರ ಪಾಲಿಗೆ ಬಂದದ್ದು ಅತಿ ಬಿಗಿ. ಅದಕ್ಕಿಂತ ದೊಡ್ಡ ಜೋಡು ಅಲ್ಲಿರಲಿಲ್ಲ. ಹಿಂದಿನ ಚಳಿಗಾಲದ ಪಂದ್ಯದಲ್ಲಿ, ಗೆಲುವು ಕೈಗೆ ಬರಬೇಕಾದ ಗಳಿಗೆಯಲ್ಲಿಯೇ, ಹರಡಿನ ನೋವು ನೆತ್ತಿಗೇರಿತು. ಭಾವನವರು ಗೋಲಿನ ಎದುರು ಪದ್ಮಾಸನ ಹಾಕಿ ಕುಳಿತು ಬೂಟಿನ ಲಾಡಿ ಬಿಚ್ಚತೊಡಗಿದರು. ಬಿಲ್ಲೆ ಅವರ ಪಕ್ಕದಿಂದ, ಸಮಾಧಿಗೆ ಕುಳಿತವರನ್ನು ಕದಲಿಸಬಾರದೆಂಬ ಭಕ್ತಿಯಿಂದ, ಮೆಲ್ಲನೆ ಒಳಗೆ ಹೋಯಿತು. ಪಲ್ಟನ್ನು ಸೋತಿತು.

"ಈ ರಜಾ ಮುಗಿಯೂದರಾಗ ಇವು ನನ್ನ ಮಾತು ಕೇಳಬೇಕು," ಎಂದು ಭಾವನವರು ಬೂಟಿನತ್ತ ಬೆರಳು ಮಾಡಿ ಗುಡುಗಿದರು. "ಕೇಳಲಿಲ್ಲೋ, ಬೂಟು ತಿರುಗಿ ಒಪ್ಪಿಸಿ, ಪಿಂಚಣಿ ತಗೊಂಡು, ಹೊಲಾ ಮಾಡಕೋತ ಮನ್ಯಾಗ ಕುಂದರತೇನಿ. ಮನಿದೇವರ ಆಣಿ!"

ಪಿಂಚಣಿಗೆ ಬೇಕಾದ ಸೇವೆ ಆಗಲೇ ತುಂಬಿತ್ತು. ಇರುವುದು ಬಿಡುವುದು ಅವರ ಇಚ್ಛೆ. ಅಕ್ಕನ ಕೈಯಲ್ಲಿ ಮೊರ ನಿಂತಿತು. ಲಗ್ನವಾದಾಗಿನಿಂದ ಆಕೆಗೆ ಗಂಡನೆಂಬುವನು ಹಬ್ಬದಂತೆ, ವರ್ಷಕ್ಕೊಮ್ಮೆ ದೊರೆಯುತ್ತಿದ್ದ.

"ಖರೇನ?"

"ಖರೇ ಅಂದ್ರ ಖರೇ."

"ಹಂಗಾದ್ರ ಅಗದಿ ಚೊಲೋ ಬೂಟ್ರಿ ಇವು! ಹಿಂಗ ಬಿಗಿಯಾಗಿ ನೂರು ವರ್ಷ ಬಾಳಲಿ," ಎಂದು ಅಕ್ಕ ಬೂಟುಗಳಿಗೆ ದೃಷ್ಟಿ ತೆಗೆದಳು.

ಪಾದುಕೆಗಳಿಗೆ ಸಿಂಹಾಸನವೇ ದೊರೆತ ಪುಣ್ಯಭೂಮಿ ನಮ್ಮದು. ಆದರೆ ಅಕ್ಕನ ರಾಜ್ಯದಲ್ಲಿ ಚರ್ಮದ ವಸ್ತು ಹೊಸ್ತಿಲು ದಾಟುವಂತಿರಲಿಲ್ಲ. ಅವಕ್ಕೆ ಕೊಟ್ಟಿಗೆಯಲ್ಲಿ ಸ್ಥಾನ ದೊರೆಯಿತು. ಭಾವನವರು ಬೇಸರಪಡಲಿಲ್ಲ. ಪಳಗಿಸಬೇಕಾದದ್ದು ಕೊಟ್ಟಿಗೆಯಲ್ಲಿಯೇ ಅಲ್ಲವೇ ಇರಬೇಕು? ಲಾಡಿಗಳಿಂದ ಬೂಟುಗಳನ್ನು ಎತ್ತುಗಳ ಪಕ್ಕದ ಕಂಬಕ್ಕೆ ಕಟ್ಟಿದರು. ಮುಂಜಾನೆ ಎದ್ದು ಎತ್ತಿನ ಮೈ ತಿಕ್ಕಿದ ಕೈಯಿಂದಲೇ ಬೂಟಿನ ಮೈಗೆ ಕುಸುಬಿ ಎಣ್ಣೆ ತಿಕ್ಕುವರು.

"ಎಡಗಡೀದು ಸ್ವಲ್ಪ ಮೊಂಡ ಐತ್ರಿ ಪಂಡಿತರ," ಎಂದು ನನಗೆ ವರದಿ ಒಪ್ಪಿಸುವರು. "ಬಲಗಡೀದು ಸಾಧು. ಆದ್ರ ಜೋಡಿನೊಳಗ ಕೆಡತೈತಿ."

ಬಾಜೂ ಮನೆಯ ಅಜ್ಜನವರು ಒಂದು ಉಪಾಯ ಹೇಳಿದರು: ಬೂಟಿನ ತುಂಬ ಕಡಲೆ ತುಂಬಿ ನೀರು ಹಾಕಿದರೆ, ಕಾಳು ಉಬ್ಬಿದಂತೆ ಚರ್ಮವೂ ಹಿಗ್ಗುವುದು. ಉಪಾಯ ಸರಿಯಾದದ್ದೇ. ಆದರೆ ಕಡಲೆ ತುಂಬಿ, ಬಾಯಿ ಬಿಗಿದು, ಬಂಧುಗಳನ್ನು ಕಂಡು ಬರುತ್ತೇನೆಂದು ಭಾವನವರು ಸಂಶಿಗೆ ಹೋದರು, ಮಳೆ ಹಿಡಿಯಿತು, ಹಳ್ಳ ಬಂದಿತು, ಬಸ್ಸು ನಿಂತಿತು. ಅವರು ಮರಳಿ ಬರುವ ಹೊತ್ತಿಗೆ ಬೂಟಿನ ಲಾಡಿಯ ರಂಧ್ರ ರಂಧ್ರಗಳಿಂದಲೂ ಹಸಿರು ಮೊಳಕೆಗಳು ತಲೆಹಾಕಿ ಲೋಕವನ್ನು ನೋಡುತ್ತಿದ್ದವು!

"ಪೀಕು ಅಗದಿ ಭರ್ಜರಿ ಬಂದೈತ್ರಿ," ಎಂದಳು ಅಕ್ಕ. "ಹಿಂಗಾರಿಗೆ ಇದರಾಗ ಜೋಳಾ ಬಿತ್ತೂಣು!"

ಆ ಮೊಳಕೆಯನ್ನು ಎಮ್ಮೆಯ ಮುಂದಿಟ್ಟರೆ ಅದು ಒಮ್ಮೆ ಮೂಸಿ, ಭಾವನವರ ಮುಖವನ್ನು ಒಮ್ಮೆ ನೋಡಿ, ಹಿಂದಕ್ಕೆ ಸರಿಯಿತು. ಆದರೂ ಬೂಟಿನ ಮೂತಿ ಅಗಲವಾಗಿತ್ತು. ಬೆರಳುಗಳ ನೋವು ಮಾಯವಾಗಿತ್ತು! ಭಾವನವರು ಅಂಗಳದಲ್ಲಿ ಕುಣಿದರು. ಅಕ್ಕ ನಕ್ಕಳು, ಆದರೆ ನಗು ಬೂಟಿನಷ್ಟು ಅಗಲವಾಗಲಿಲ್ಲ.

ಇನ್ನು ನನ್ನ ಸರದಿ. ಬಿಸಿ ಎಳ್ಳೆಣ್ಣೆಯಿಂದ ಪಾದಾಭ್ಯಂಗ ಮಾಡಿದರೆ ಪಾದದ ಸಕಲ ವ್ಯಥೆಗಳೂ ಶಮನವಾಗುವುವೆಂದು ಹಿರಿಯರು ಹೇಳಿದ್ದಾರೆ. ನಾನೂ ಹೇಳಿದೆ. ಭಾವನವರು ಮೊಣಕಾಲಿನವರೆಗೆ ಎಣ್ಣೆ ಸುರಿದುಕೊಂಡು, ಆರುವ ಮೊದಲೇ ಬೂಟಿನೊಳಗೆ ಕಾಲು ತೂರಿಸಿದರು. ಸೊರ್ರೆಂದು ಹೋಯಿತು! ಹೋದದ್ದು ಬರಲಿಲ್ಲ. ನಾನು ಅಲಗು ಹಿಡಿಯಲಾರದೆ ಹಿಮ್ಮಡಿ ಹಿಡಿದು, ಇಷ್ಟದೇವತೆಯನ್ನು ನೆನೆದು ಎಳೆದೆ. ಎಳೆಯುತ್ತ ಎಳೆಯುತ್ತ ಎಣ್ಣೆಗೈ ಜಾರಿ, ಮಡಿಯ ಧೋತರದ ಸಮೇತ ಸಗಣಿಯ ಬುಟ್ಟಿಯಲ್ಲಿ ಆಸೀನನಾದೆ.

"ಪಂಡಿತರ," ಎಂದರು ಭಾವನವರು, ಆಕಾಶಕ್ಕೆತ್ತಿದ ಕಾಲನ್ನು ಇಳಿಸದೆಯೇ, "ನಿಮ್ಮ ಶಾಸ್ತ್ರದಾಗ ಕಾಲು ಹಾಕೂದಷ್ಟ ಐತೋ, ತಗಿಯೂದೂ ಐತೋ?"

ನಾನು ಬುಟ್ಟಿಯಿಂದ ಎದ್ದು ಸ್ನಾನಕ್ಕೆ ಹೋದೆ. ಅದೇ ಸಂಜೆ ಪುರಾಣದಲ್ಲಿ ಕೈಲಾಸದ ವರ್ಣನೆ ಬಂದಿತು. ಹಿಮದ ಶಿಖರ, ಅದರ ಮೇಲೆ ನಟರಾಜನ ತಾಂಡವ. ಸಭೆ ಕಣ್ಮುಚ್ಚಿ ಕೇಳುತ್ತಿತ್ತು. ಆಗ ಹಿಂದಿನ ಸಾಲಿನಿಂದ ಧ್ವನಿ:

"ಒಂದು ಸಂಶಯ ಐತ್ರಿ. ಅಷ್ಟು ಬರ್ಫದಾಗ ಕುಣಿದ್ರೂ ಶಿವಪ್ಪಗ ಹರಡು ನೋಯೂದಿಲ್ಲೇನ್ರಿ?"

"ಆತ ಬೂಟು ಹಾಕೂದಿಲ್ರಿ ಭಾವ," ಎಂದೆ. "ಅದಕ್ಕ ಆತಗ ಸದಾನಂದ ಅಂತಾರ."

ಸಭೆ ಬಿದ್ದು ಬಿದ್ದು ನಕ್ಕಿತು. ಭಗವಂತನೂ ನಕ್ಕಿರಬೇಕು, ಮರುದಿನವೇ ಚೆನ್ನಾಗಿ ಮಳೆ ಸುರಿಸಿದ!

ಮಳೆ ಬಿದ್ದ ಎರೆಭೂಮಿಯ ಮೇಲೆ ನಡೆದವರಿಗೆ ಗೊತ್ತು, ಅದು ಬೆಣ್ಣೆಗಿಂತ ಜಾರುತ್ತದೆ. "ಇದರ ಮುಂದ ಬರ್ಫ ಏನ್ರಿ!" ಎಂದು ಭಾವನವರು ಬೂಟು ಧರಿಸಿ, ಕೈಯಲ್ಲೊಂದು ಬಡಿಗೆ ಹಿಡಿದು, ಊರ ಹೊರಗಿನ ತಮ್ಮ ಹೊಲಕ್ಕೆ ಇಳಿದರು. ಅರ್ಧ ಊರು ಬದುವಿನ ಮೇಲೆ ನಿಂತಿತ್ತು. ಭಾವನವರು ಮೈ ಬಗ್ಗಿಸಿ, ಜಾರುವ ಭಂಗಿ ತಾಳಿ, ಒಂದು ಹೆಜ್ಜೆ ಇಟ್ಟರು. ಅಲಗು ಇಳಿಯಿತು. ಬೂಟು ಇಳಿಯಿತು. ಇನ್ನೊಂದು ಹೆಜ್ಜೆಗೆ ಮೀನಖಂಡವೂ ಇಳಿಯಿತು. ಜಾರುವುದಂತಿರಲಿ, ಅಲುಗಾಡುವುದೂ ನಿಂತಿತು. ಬದುವಿನಿಂದ ಯಾರೋ ಕೂಗಿದರು:

"ಹವಾಲ್ದಾರ್ರ, ಹೊಲಾ ಹರಗಾಕ ಹತ್ತೀರೇನ್ರಿ? ಎತ್ತು ಹೂಡೂದು ಮರ್ತೀರಲ್ರಿ!"

ಕೊನೆಗೆ ಸೊಂಟಕ್ಕೆ ಹಗ್ಗ ಕಟ್ಟಿ ಎಳೆಯಬೇಕಾಯಿತು. ಹವಾಲ್ದಾರರು ಬಂದರು, ಬೂಟುಗಳು ನೆಲದಲ್ಲಿಯೇ ಉಳಿದವು. ಕೆರೆಯ ದಾರಿಯಲ್ಲಿ ಕೊಡ ಹೊತ್ತು ನಿಂತು ನೋಡುತ್ತಿದ್ದ ಅಕ್ಕ ಹೇಳಿದಳು: "ತಮ್ಮಾ, ನಿನ್ನ ಶಾಸ್ತ್ರದಾಗ ಇದನ್ನ ಬರಕೋ. ಕಾಲು ತಗಿಯೂದು ಹಿಂಗ!"

ಹೀಗೆ ಶ್ರಾವಣ ಕಳೆಯಿತು. ಪುರಾಣದ ಮಂಗಲವೂ ಭಾವನವರ ರಜೆಯ ಅಂತ್ಯವೂ ಒಟ್ಟಿಗೇ ಬಂದವು. ಅಷ್ಟರಲ್ಲಿ ದಪ್ಪ ಉಣ್ಣೆಯ ಕಾಲುಚೀಲ ಬಿಟ್ಟು ತೆಳುವಾದದ್ದನ್ನು ಹಾಕಿಕೊಳ್ಳುವುದನ್ನೂ, ಲಾಡಿಯನ್ನು ಬೆರಳುಗಳ ಕಡೆಗೆ ಸಡಿಲವಾಗಿಯೂ ಮೇಲೆ ಬಿಗಿಯಾಗಿಯೂ ಕಟ್ಟುವುದನ್ನೂ ಅವರು ತಾವೇ ಕಂಡುಕೊಂಡಿದ್ದರು. ಬೆರಳು ಗೆದ್ದವು, ಪಾದ ಗೆದ್ದಿತು. ಹರಡಿನ ಎಲುಬು ಮಾತ್ರ ಸೋಲೊಪ್ಪಲಿಲ್ಲ. ಉಬ್ಬಿದ ಆ ಗಂಟಿನ ಮೇಲೆಯೇ ಚರ್ಮ ಒತ್ತಿ, ಅಲ್ಲಿ ಕೆಂಪಾಗಿ ಬಾತಿತ್ತು. ಅರಿವೆಯ ಮೇಲೆ ಅರಿವೆ ಇಟ್ಟು ನೋಡಿದರು. ಇಟ್ಟಷ್ಟೂ ಒತ್ತಡ ಹೆಚ್ಚಿತು.

ಕೊನೆಯ ಸಂಜೆ ಅಲಗಿಗೆ ಕಟ್ಟಿಗೆಯ ಒರೆ ತೊಡಿಸಿ ಅಂಗಳದಲ್ಲಿ ಸ್ವಲ್ಪ ನಡೆದರು. ಕಟ್ಟೆಗೆ ಬಂದು ಕುಳಿತರು. ಬೂಟು ಬಿಚ್ಚಿದರು. ಬೈಯಲಿಲ್ಲ, ಗುಡುಗಲಿಲ್ಲ. ಅವರು ಸುಮ್ಮನೆ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಆತ್ರಿ ಪಂಡಿತರ. ಇವು ಗೆದ್ವು," ಎಂದರು. "ನಾಳೆ ಹೋಗಿ ಒಪ್ಪಿಸಿ ಬಿಡತೇನಿ. ದೀಪಾವಳಿಗೆ ಮನಿಗೆ ಬರತೇನಿ, ಕಾಯಂ."

ಆ ಹೊತ್ತಿಗೆ ಅಕ್ಕ ತಲೆಯ ಮೇಲೆ ತುಂಬಿದ ಕೊಡ ಹೊತ್ತು ಅಂಗಳಕ್ಕೆ ಕಾಲಿಟ್ಟಿದ್ದಳು. ಕಾಯಂ ಎಂಬ ಮಾತು ಆಕೆಗೆ ಕೇಳಿತ್ತು. ಈಗ ಒಂದು ಕುಚೋದ್ಯದ ಮಾತು ಬರುವುದೆಂದು ನಾನು ನಗಲು ಸಿದ್ಧನಾಗಿದ್ದೆ. ಆಕೆ ಗಂಡನನ್ನು ನೋಡಿದಳು. ಅವರು ಬಾತ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಪಡುವಣ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದರು.

ಅಕ್ಕ ಕೊಡ ಇಳಿಸಿದಳು. ತಲೆಯ ಮೇಲಿನ ಸಿಂಬಿಯನ್ನು, ಕೊಡ ಕೂಡಿಸಲೆಂದು ಹಳೆಯ ಸೀರೆಯ ತುಂಡನ್ನು ಬಳೆಯಂತೆ ಸುತ್ತಿದ ಆ ಮೆತ್ತೆಯನ್ನು, ಬಿಚ್ಚಿ ಎರಡಾಗಿ ಹರಿದಳು. ಒಳಗಿನಿಂದ ಹಿಡಿ ಹತ್ತಿ ತಂದು, ಅರಿವೆಯಲ್ಲಿಟ್ಟು ಹೊಸೆದು, ಅಂಗೈಯಲ್ಲಿ ಹಿಡಿಸುವ ಪುಟ್ಟ ಸಿಂಬಿಗಳನ್ನು ಕಟ್ಟಿದಳು. ಗಂಡನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಎಲುಬಿನ ಗಂಟು ನಟ್ಟ ನಡುವಿನ ಬಯಲಿನಲ್ಲಿ ಬರುವಂತೆ ಕೂಡಿಸಿದಳು.

"ನೋಯೋ ಜಾಗಾದ ಮ್ಯಾಲೆ ಅರಿವಿ ಇಟ್ರ ಭಾರ ಅಲ್ಲೇ ಬೀಳತೈತ್ರಿ," ಎಂದಳು. "ಕೊಡದ ಭಾರ ನೆತ್ತಿ ಮ್ಯಾಲೆ ಬಿದ್ರ ನಡ್ಯಾಕ ಆಗೂದಿಲ್ಲ. ಸುತ್ತಲೂ ಬೀಳಬೇಕು. ಹೂಂ, ಹಾಕ್ಕೋರಿ."

ಭಾವನವರು ಬೂಟು ಹಾಕಿದರು. ನಿಂತರು. ಒಂದು ಹೆಜ್ಜೆ, ಇನ್ನೊಂದು. ಮುಖ ಅರಳಿತು. ಟಕ್ ಟಕ್ ಎಂದು ಅಂಗಳ ಸುತ್ತಿದರು, ಓಡಿದರು, ನೆಗೆದರು! ಎತ್ತುಗಳು ಬೆಚ್ಚಿ ಹಗ್ಗ ಜಗ್ಗಿದವು. "ನೋವಿಲ್ರಿ ಪಂಡಿತರ! ಅಗದಿ ನೋವಿಲ್ಲ! ಬರಲಿ ಈಗ ಆ ಬಿಲ್ಲೆ!" ಎಂದು ಕೂಗುತ್ತ ನನ್ನನ್ನೂ ಎಳೆದುಕೊಂಡು ಕುಣಿದರು. ವೇದಾಂತ ಓದಿದ ನಾನೂ ಕುಣಿದೆ!

ಮರುದಿನ ಮುಂಜಾನೆ ಬಸ್ಸು ಅವರನ್ನು ಕೂಡಿಸಿಕೊಂಡು ಹೋಯಿತು. ಧೂಳು ಅಡಗಿದ ಮೇಲೆ ಅಕ್ಕನನ್ನು ಕೇಳಿದೆ:

"ಅಕ್ಕಾ, ಈ ಉಪಾಯ ನಿನಗ ಯಾವಾಗ ಹೊಳೀತು?"

"ಹೊಳ್ಯಾಕ ಏನೈತೋ? ಸಣ್ಣ ಹುಡಿಗಿ, ಪರಕಾರ ಉಡೂ ವಯಸ್ಸಿನಿಂದ ನೀರು ಹೊತ್ತೇನಿ. ಅವರು ಬಂದ ದಿನಾನ ತಿಳಿದಿತ್ತು."

"ಮತ್ತ ನಿನ್ನೆ ತನಕಾ ಸುಮ್ಮನಿದ್ದಾಕಿ, ನಿನ್ನೆ ಯಾಕ ಹೇಳಿದಿ?"

"ಅವರು ಸುಮ್ಮನ ಕುಂತಿದ್ರಲ್ಲೋ ತಮ್ಮಾ," ಎಂದಳು, ಅಷ್ಟೇ ಎಂದಳು. ಮನೆಗೆ ಬಂದು ಖಾಲಿ ಕೊಡ ಎತ್ತಿಕೊಂಡು ಕೆರೆಯ ದಾರಿ ಹಿಡಿದಳು.

ಆಕೆ ಮರಳಿ ಬರುವಾಗ ನಾನು ಕಟ್ಟೆಯ ಮೇಲಿದ್ದೆ. ಮನೆಯಲ್ಲಿ ಹಳೆಯ ಸೀರೆಗಳಿಗೆ ಕೊರತೆಯಿರಲಿಲ್ಲ; ಆದರೂ ಆ ದಿನ ಆಕೆ ಬೇರೆ ಸಿಂಬಿ ಕಟ್ಟಿಕೊಂಡಿರಲಿಲ್ಲ. ತುಂಬಿದ ಕೊಡಕ್ಕೂ ನೆತ್ತಿಗೂ ನಡುವೆ ಸೆರಗಿನ ಒಂದು ಪದರ ಮಾತ್ರ ಇತ್ತು. ಭಾರವೆಲ್ಲ ನಟ್ಟ ನಡುವೆಯೇ ಬಿದ್ದಿತ್ತು.