ಅವಳಿಗೆ ಎರಡು ಪದ, ನನಗೆ ಎರಡು ಪುಟ

ಪಕ್ಷದ ಕರಪತ್ರ ಹಿಡಿದು ಮನೆಮನೆ ಅಲೆಯುವವರಿಗೆ ಫಜೀತಿ ಹೊಸದಲ್ಲ. ಯಾವ ಬಾಗಿಲು ತಟ್ಟಿದರೂ ಒಂದೊಂದು ಸಿಗುತ್ತದೆ. ಆದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಡಬೇಕೋ ಬೇಡವೋ ಎಂಬ ಜಗಳದ ನಡುವೆ ಬಂದ ಆ ಡಿಸೆಂಬರ್ ಚುನಾವಣೆಯಲ್ಲಿ ನನಗೆ ಸಿಕ್ಕಷ್ಟು ಲಂಡನ್ನಿನ ನಮ್ಮ ಇಡೀ ಕೆಂಟನ್ ಬಡಾವಣೆಯಲ್ಲಿ ಇನ್ನಾರಿಗೂ ಸಿಕ್ಕಿರಲಾರದು.

ನಾನು ಧಾರವಾಡದವಳು. ಕನ್ನಡಕದಂಗಡಿಯಲ್ಲಿ ಕೆಲಸ, ರಜೆ ಇದ್ದಾಗ ವಿರೋಧ ಪಕ್ಷದ ಕಾರ್ಯಕರ್ತೆ. ಎದುರುಮನೆಯಾಕೆ ಬೆಂಗಳೂರಿನವಳು. ಕ್ಯಾನರಿ ವಾರ್ಫ್‌ನ ಬ್ಯಾಂಕಿನಲ್ಲಿ ಕೆಲಸ, ರಜೆ ಇದ್ದಾಗ ಆಳುವ ಪಕ್ಷದ ಕಾರ್ಯಕರ್ತೆ. ಇಬ್ಬರೂ ಗೆಳತಿಯರೇ. ಮೊಸರಿನ ಹೆಪ್ಪಿನಿಂದ ಹಿಡಿದು ಮನೆಯ ಬೀಗದ ಕೈವರೆಗೆ ಎಲ್ಲ ಕೊಟ್ಟು ತೆಗೆದುಕೊಳ್ಳುವವರು. ಆದರೆ ಆಕೆಯ ಪಕ್ಷದ ನಿಲುವು ಎರಡೇ ಪದ: "ಬೇಗ ಹೊರಡೋಣ." ನಮ್ಮದು ಹಾಗಲ್ಲ. ಗೆದ್ದರೆ ಹೊಸ ಒಪ್ಪಂದ ಮಾಡಿಕೊಂಡು ಬರುತ್ತೇವೆ. ಅದನ್ನು ಹಿಡಿದುಕೊಂಡು ಹೊರಡಬೇಕೋ, ಒಕ್ಕೂಟದಲ್ಲೇ ಇರಬೇಕೋ ಎಂದು ಜನರನ್ನು ಇನ್ನೊಮ್ಮೆ ಕೇಳುತ್ತೇವೆ. ಆಗ ನಾವು ಯಾವ ಕಡೆ ಎಂಬುದನ್ನು ಆಗ ಹೇಳುತ್ತೇವೆ. ಆಕೆಯ ಕರಪತ್ರ ಒಂದೇ ಕಡೆ, ದಪ್ಪಕ್ಷರ. ನಮ್ಮದು ಎರಡೂ ಕಡೆ, ಇರುವೆಯಕ್ಷರ. ನಿಜ ಹೇಳುತ್ತೇನೆ, ಆಕೆಯ ಹೊಸ ಅಡುಗೆಮನೆ ನೋಡಿದಾಗಲೂ ನನಗೆ ಅಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ.

ಮೇಲಿನ ಕೋಣೆ

ಒಂದು ಶನಿವಾರ ಇಬ್ಬರೂ ಒಂದೇ ಬೀದಿಗೆ ಬಿದ್ದೆವು. ಆಕೆ ಬಲಗಡೆಯ ಮನೆಗಳು, ನಾನು ಎಡಗಡೆಯವು. ನನ್ನ ಮೊದಲ ಬಾಗಿಲು ತೆರೆದವರು ಒಬ್ಬ ಗುಜರಾತಿ ಮುದುಕರು. ಪಾಪ, ಸ್ವೆಟರ್ ಮೇಲೆ ಶಾಲು ಹೊದ್ದು ನಿಂತು ನನ್ನ ಮಾತೆಲ್ಲ ಕೇಳಿದರು. ನಾನು ಹೊಸ ಒಪ್ಪಂದದ ಹತ್ತಿರ ಬರುವಷ್ಟರಲ್ಲಿ ಎದುರುಗಡೆ ಆಕೆ ಮೂರು ಮನೆ ಮುಗಿಸಿದ್ದಳು. ಇನ್ನೊಮ್ಮೆ ಕೇಳುವ ಹತ್ತಿರ ಬರುವಾಗ ಐದನೆಯ ಮನೆಯವರು ಆಕೆಗೆ ಬಿಸಿ ಚಹಾ ಕೊಡುತ್ತಿದ್ದರು. ನನ್ನ ಮೂಗು ತಣ್ಣಗೆ ಸೋರುತ್ತಿತ್ತು.

"ಎಲ್ಲ ಸರಿ ಬೇಟಿ," ಅಂದರು ಮುದುಕರು. "ಕೊನೆಗೆ ಹೋಗ್ತೀರೋ, ಇರ್ತೀರೋ?"

"ಅದು ಒಪ್ಪಂದ ನೋಡಿ ಹೇಳಬೇಕು, ಅಂಕಲ್."

ಅವರು ನಿಟ್ಟುಸಿರುಬಿಟ್ಟರು. "ಬೇರೆ ಮನೆ ಮಾಡ್ತೀರಾ ಅಂದ್ರೆ ನನ್ನ ಸೊಸೆಯೂ ನಾಲ್ಕು ವರ್ಷದಿಂದ ಇದನ್ನೇ ಹೇಳ್ತಿದ್ದಾಳೆ. ಇನ್ನೂ ಮೇಲಿನ ಕೋಣೆಯಲ್ಲೇ ಇದ್ದಾಳೆ."

ಗಂಡ ಹೆಂಡಿರ ನಡುವೆ

ಇದನ್ನು ನಮ್ಮ ಶಾಖೆಯ ಕಾರ್ಯದರ್ಶಿಗೆ ಹೇಳಿದೆ. ಆತ ಹುಟ್ಟಾ ಲಂಡನ್ನಿನವ, ಬಲು ಜಾಣ. "ಮೊದಲು ನಿಲುವು ಹೇಳಬೇಡಿ," ಅಂದ. "ಅವರು ಯಾವ ಕಡೆ ಅಂತ ಕೇಳಿ. ಆ ತುದಿಯಿಂದ ಶುರು ಮಾಡಿ."

ಮರುದಿನ ಒಂದು ಬಾಗಿಲಲ್ಲಿ ಗಂಡ ಹೆಂಡತಿ ಇಬ್ಬರೂ ಬಂದು ನಿಂತರು. ಗಂಡನಿಗೆ ಒಕ್ಕೂಟ ಬಿಡಬೇಕು, ಹೆಂಡತಿಗೆ ಇರಬೇಕು. ನಾನು ಗಂಡನ ಕಡೆ ತಿರುಗಿ, "ಹೊರಡುವ ದಾರಿ ನಮ್ಮಲ್ಲಿದೆ ಸರ್," ಅಂದೆ. ಹೆಂಡತಿಯ ಕಡೆ ತಿರುಗಿ, "ಇರುವ ದಾರಿಯೂ ಇದೆ ಮೇಡಂ," ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ನನ್ನ ಕೈ ಹಿಡಿದು, "ಥ್ಯಾಂಕ್ಯೂ," ಅಂದಳು. "ಮೂರು ವರ್ಷದಿಂದ ಈ ವಿಷಯಕ್ಕೆ ನಮ್ಮ ಮನೆಯಲ್ಲಿ ಜಗಳ. ಇವತ್ತು ಮೊದಲ ಸಲ ಇಬ್ಬರ ಅಭಿಪ್ರಾಯ ಒಂದಾಯ್ತು. ನಿಮಗೆ ವೋಟು ಹಾಕಲ್ಲ."

ಎರಡು ನಿಮಿಷ

ಕನ್ನಡಿಗರ ಸಂಘದ ಊಟದ ದಿನ ಯಾರಿಗೋ ಉಮೇದು ಬಂತು: ನಮ್ಮವರೇ ಇಬ್ಬರು ಎರಡು ಪಕ್ಷಕ್ಕೆ ದುಡಿಯುತ್ತಿದ್ದಾರೆ, ತಲಾ ಎರಡು ನಿಮಿಷ ಮಾತಾಡಲಿ. ಎದುರುಮನೆಯಾಕೆ ರೇಷ್ಮೆ ಸೀರೆ ಸರಿಮಾಡಿಕೊಂಡು ಮೈಕ್ ಮುಂದೆ ಬಂದು, "ಬೇಗ ಹೊರಡೋಣ, ಊಟ ಆರಿ ಹೋಗುತ್ತೆ," ಎಂದು ಹೇಳಿ ಕೂತಳು. ಸಭಾಂಗಣ ಹಾರಿಹೋಗುವಂಥ ಚಪ್ಪಾಳೆ. ಪಕ್ಷದ ಮಾತೂ ಆಯಿತು, ಹಸಿದವರ ಮಾತೂ ಆಯಿತು. ನನ್ನ ಹೊಟ್ಟೆಯೊಳಗೆ ಒಗ್ಗರಣೆ ಚಟಪಟ ಅಂತು.

ನಾನು ಶುರುಮಾಡಿದೆ. ಒಪ್ಪಂದವನ್ನು ಜನರ ಮುಂದೆ ಇಡುವಷ್ಟರಲ್ಲಿ ಗಂಟೆ ಹೊಡೆಯಿತು. ನನಗೂ ಚಪ್ಪಾಳೆ ಬಿತ್ತು, ಆಕೆಗಿಂತ ಜೋರಾಗಿಯೇ ಬಿತ್ತು. ಹಿಗ್ಗಿಕೊಂಡು ನಮ್ಮ ಮನೆಯವರ ಪಕ್ಕ ಕೂತೆ. "ಹ್ಯಾಂಗಿತ್ರೀ?" ಅಂದೆ.

"ಛಲೋ ಇತ್ತು," ಅಂದರು. "ಚಪ್ಪಾಳಿಗೆ ಗಂಟಿ ಹೊಡದಾವನs ಎದ್ದು ನಿಂತು ಕೈಮುಗದ ನೋಡು."

ಅಜ್ಜಿಯ ಮತ

ಇಷ್ಟೆಲ್ಲದರ ನಡುವೆ ನನ್ನ ಮಾನ ಉಳಿಸಿದವರು ಒಬ್ಬರೇ, ನಮ್ಮ ಬೀದಿಯ ಕೊನೆಯ ಮನೆಯ ವಿಜಯಪುರದ ಅಜ್ಜಿ. ಇಂಗ್ಲಿಷ್ ಬರುವುದಿಲ್ಲ, ಮೊಮ್ಮಕ್ಕಳಿಗೆ ಕನ್ನಡದಲ್ಲಿ ಮಾತಾಡಲು ಪುರುಸೊತ್ತಿಲ್ಲ. ನಾನು ಹೋಗಿ ನಿಲುವು ಹೇಳತೊಡಗಿದರೆ, "ಕೂಡ್ರವಾ, ಸಾವಕಾಶ ಹೇಳು," ಅನ್ನುವರು. ಮೂರು ವಾರ ಹೇಳಿದೆ. ಪ್ರತಿ ಸಲವೂ ತಲೆಯಾಡಿಸಿದರು. ಮೂರನೆಯ ವಾರ, "ಈಗ ಪೂರಾ ತಿಳೀತು ನೋಡು," ಅಂದಾಗ ನನ್ನ ಕಣ್ಣು ಒದ್ದೆಯಾಯಿತು.

ಎದುರುಮನೆಯಾಕೆಯೂ ಬಿಡಲಿಲ್ಲ. ಹೋಳಿಗೆ ಒಯ್ದು ಕೊಟ್ಟಳು. ನಾನು ಚಕ್ಕುಲಿ ಒಯ್ದೆ. ಮತದಾನದ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಆಕೆ ಸೀಟು ಬೆಚ್ಚಗಾಗುವ ತನ್ನ ಹೊಸ ಕಾರು ತಂದು ಅಜ್ಜಿಯ ಬಾಗಿಲಿಗೆ ನಿಲ್ಲಿಸಿದಳು. ಹಿಂದೆಯೇ ನನ್ನ ಹಳೆಯ ಕಾರು ಕೆಮ್ಮುತ್ತ ಬಂತು. ಅಜ್ಜಿ ಕೋಲೂರಿಕೊಂಡು ಹೊರಬಂದು ಎರಡೂ ಕಾರು ನೋಡಿ ನನ್ನದಕ್ಕೆ ಹತ್ತಿದರು. ಆಕೆಯ ಕಾರು ದಾಟಿ ಮುಂದೆ ಹೋಗುತ್ತ, ಆಕೆಯ ಮುಖ ಸಣ್ಣದಾದದ್ದನ್ನು ಕನ್ನಡಿಯಲ್ಲಿ ಕಣ್ತುಂಬ ನೋಡಿದೆ. ಆರು ವಾರದ ಹೊಟ್ಟೆಯುರಿ ತಣ್ಣಗಾಯಿತು.

ಮತಗಟ್ಟೆ ಹತ್ತಿರದ ಶಾಲೆಯಲ್ಲಿತ್ತು. ಅಜ್ಜಿ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖದಲ್ಲಿ ಭಾರಿ ಸಮಾಧಾನ. ಕೇಳಬಾರದು, ಗೊತ್ತು. ಆದರೂ ಕಾರಿನಲ್ಲಿ ಬೆಲ್ಟ್ ಹಾಕುತ್ತ ಕೇಳಿಯೇಬಿಟ್ಟೆ. "ಅಜ್ಜಿ, ನಮಗs ಹಾಕಿದ್ರಿ ಹೌದಲ್ರೀ?"

"ಯಾರಿಗೂ ಹಾಕಿಲ್ಲವಾ. ಕಾಗದ ಹಂಗs ಮಡಚಿ ಪೆಟಿಗ್ಯಾಗ ಬಿಟ್ಟು ಬಂದೆ."

"ಅಯ್ಯ, ಯಾಕಜ್ಜಿ?"

ಅಜ್ಜಿ ನನ್ನನ್ನು ದಡ್ಡಿಯೆಂಬಂತೆ ನೋಡಿದರು. "ಮೂರು ವಾರದಿಂದ ನೀನs ಹೇಳಾಕತ್ತೀದಿಯಲ್ಲವಾ, ಇನ್ನೊಮ್ಮೆ ಕೇಳ್ತೀವಿ ಅಂತ? ಕೇಳ್ರಿ, ಆಗ ಹೇಳ್ತೀನಿ."