ಮಾವನ ಹಲ್ಲು, ಅತ್ತೆಯ ಕೂದಲು

ನಮ್ಮ ಸೋದರಮಾವನಿಗೆ ರೈಸ್ ಮಿಲ್ಲಿನಲ್ಲಿ ಸಂಬಳ ಕೊಡುತ್ತಿದ್ದುದು ಅವನ ಹಲ್ಲಿಗೆ. ನಗಬೇಡಿ. ಕೈಕಾಲು, ಬುದ್ಧಿ ಎಲ್ಲವೂ ಇದ್ದವು. ಅವನ್ನು ಅವನು ಮಿಲ್ಲಿಗೆ ಪುಕ್ಕಟೆ ಕೊಟ್ಟಿದ್ದಾನೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಎಪ್ಪತ್ತರ ದಶಕದ ಮಾತಿದು. ತಿಳವಳ್ಳಿಯ ಆ ಮಿಲ್ಲಿನ ಮುಂದೆ ಭತ್ತದ ಚಕ್ಕಡಿ ಬಂದು ನಿಂತರೆ, ಮಾವ ಚೀಲಕ್ಕೆ ಕೈಹಾಕಿ ನಾಲ್ಕು ಕಾಳು ತೆಗೆದು ದವಡೆಗಿಟ್ಟು, ಕಣ್ಣು ಮುಚ್ಚಿ ಕಡಿಯುತ್ತಿದ್ದ. ‘ಕಟಕ್’ ಎಂದರೆ ಒಣಗಿದೆ. ಸದ್ದಿಲ್ಲದೆ ಚಪ್ಪಟೆಯಾದರೆ ಹಸಿ. ಹಸಿ ಭತ್ತವನ್ನು ಯಂತ್ರಕ್ಕೆ ಸುರಿದರೆ ಅಕ್ಕಿಯ ಬದಲು ನುಚ್ಚು ಬರುತ್ತದೆ, ರೈತ ಮಿಲ್ಲಿನವರ ವಂಶವನ್ನೆಲ್ಲ ಜಾಲಾಡುತ್ತಾನೆ. ಅದಕ್ಕೇ ಮಾವ ಕಣ್ಣು ಬಿಟ್ಟು, "ಇನ್ನೂ ಎರಡು ಬಿಸಿಲು ಬೇಕ್ರಿ" ಎಂದರೆ ಮುಗಿಯಿತು, ಚಕ್ಕಡಿ ತಿರುಗಲೇಬೇಕು. ಸಾಹುಕಾರರೂ ಆ ಮಾತಿಗೆ ಎದುರಾಡುತ್ತಿರಲಿಲ್ಲ.

ಹಾಡುವವರು ಗಂಟಲು ಕಾಯ್ದುಕೊಂಡಂತೆ ಮಾವ ಹಲ್ಲು ಕಾಯ್ದುಕೊಂಡಿದ್ದ. ಕಬ್ಬು ಮುಟ್ಟುತ್ತಿರಲಿಲ್ಲ. ಅಡಿಕೆ ಹಾಕುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಚಕ್ಕುಲಿ ಕೊಟ್ಟರೆ ಚಹಾದಲ್ಲಿ ನೆನೆಸಿ, ಮೆತ್ತಗಾದ ಮೇಲೆ ಚಮಚದಿಂದ ತಿನ್ನುತ್ತಿದ್ದ! ಯಾಕಪ್ಪಾ ಹೀಗೆ ಎಂದು ಕೇಳಿದರೆ, ಹಲ್ಲು ಡ್ಯೂಟಿಯ ಮೇಲಿವೆ ಎನ್ನುತ್ತಿದ್ದ. ಮನುಷ್ಯ ರಜೆಯ ಮೇಲಿದ್ದಾಗ ಅವನ ಹಲ್ಲು ಡ್ಯೂಟಿಯ ಮೇಲಿರುವುದು ಹೇಗೆ ಎಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಇಂಥವನಿಗೆ ಹೆಣ್ಣು ನೋಡಲು ಶಿಗ್ಗಾಂವಿಗೆ ಹೋದೆವು. ಅವರು ತಾಟಿನ ತುಂಬ ಕರಿದ ಸಂಡಿಗೆ ತಂದಿಟ್ಟರು. ಅಂದು ಅದೇನು ಧೈರ್ಯವೋ, ಮಾವ ಒಂದನ್ನು ನೆನೆಸದೆ ಕಡಿದ. ಅಭ್ಯಾಸ ಬಿಡಬೇಕಲ್ಲ? ಕಣ್ಣು ಮುಚ್ಚಿ, ತಲೆ ವಾಲಿಸಿ, ಬೀಗರಾಗಬೇಕಾದವರ ಎದುರಿಗೇ ತೀರ್ಪು ಕೊಟ್ಟುಬಿಟ್ಟ: "ಇದಕ್ಕ ಇನ್ನೊಂದು ಬಿಸಿಲು ಬೇಕಿತ್ತ್ರಿ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಹುಡುಗಿಯೇ ಉತ್ತರ ಕೊಟ್ಟಳು.

"ಬಿಸಿಲಿಗೆ ಇಟ್ಟಿದ್ವಿ. ನಡುವ ಮಳಿ ಬಂತು. ಮಳಿ ಬರೂದಕ್ಕ ಮೊದಲ ಹೇಳಾವರು ನಮ್ಮ ಮನ್ಯಾಗ ಯಾರೂ ಇಲ್ಲ."

ಮಾವ ಅಲ್ಲೇ ಸೋತ. ಮಳೆ ಬರುವ ಮೊದಲು ಅವಳಿಗೆ ಹೇಳುವವನು ಇನ್ನು ಮುಂದೆ ತಾನೇ ಎಂದು ನಿಶ್ಚಯಿಸಿದನಂತೆ. ಹೀಗೆ ಅತ್ತೆ ನಮ್ಮ ಮನೆತನಕ್ಕೆ ಬಂದಳು. ಮೊಣಕಾಲು ಮುಟ್ಟುವ ಕೂದಲು ಅವಳದು. ತಲೆಸ್ನಾನ ಮಾಡಿದ ದಿನ ಅದನ್ನು ಒಣಗಿಸಲಿಕ್ಕೂ ಎರಡು ಬಿಸಿಲು ಬೇಕು ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಮಕ್ಕಳಾಗಲಿಲ್ಲ. ಆದರೂ ಅವರ ಮನೆಯಲ್ಲಿ ಮಾತಿಗೆ ಬರ ಇರಲಿಲ್ಲ.

ಇಷ್ಟು ಕಾಯ್ದ ಹಲ್ಲು ಕೈಕೊಡಬೇಕೇ? ಕೊಟ್ಟವು. ಮಾವ ನಲವತ್ತು ದಾಟಿದ್ದೇ ತಡ, ದವಡೆಯವು ಅಲುಗಾಡಿ ಒಂದರ ಹಿಂದೊಂದು ಹೋದವು. ಮಾವ ಯಾರಿಗೂ ಹೇಳಲಿಲ್ಲ. ಮುಂದಿನ ಹಲ್ಲಿನಿಂದ ಮೊಲದ ಹಾಗೆ ಕಡಿದು ದಿನ ದೂಡಿದ. ಚಿಕ್ಕೇರೂರಿನ ರೈತನೊಬ್ಬನ ಹಸಿ ಭತ್ತವನ್ನು ಒಣಗಿದೆ ಎಂದು ಪಾಸು ಮಾಡಿ, ಚೀಲಗಟ್ಟಲೆ ನುಚ್ಚು ಬಿದ್ದಾಗ ಗುಟ್ಟು ರಟ್ಟಾಯಿತು. ಸಾಹುಕಾರರು ಒಳ್ಳೆಯವರು, ಬಯ್ಯಲಿಲ್ಲ. ಹಲ್ಲು ಆಗದಿದ್ದರೆ ಹೇಳು, ಹಲ್ಲಿದ್ದವನೊಬ್ಬನನ್ನು ನೋಡುತ್ತೇವೆ ಎಂದರಷ್ಟೇ. ಬಯ್ದಿದ್ದರೇ ಚೆನ್ನಾಗಿತ್ತು. ಒಂದು ಮಾತಿಗೆ ಚಕ್ಕಡಿ ತಿರುಗಿಸುತ್ತಿದ್ದವನು ನಾಳೆಯಿಂದ ಚೀಲ ಹೊರಬೇಕೋ, ಮನೆಯಲ್ಲಿ ಕೂತಿರಬೇಕೋ ತಿಳಿಯದೆ ಕುಗ್ಗಿಹೋದ. ಅತ್ತೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಹುಬ್ಬಳ್ಳಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದ. ಕನ್ನಡಿಯಲ್ಲಿ ನೋಡಿದರೆ ಮದುಮಗನ ಕಳೆ! ಮರುದಿನ ಮಿಲ್ಲಿನಲ್ಲಿ ಭತ್ತ ಕಡಿದು ಹಾಗೇ ನಿಂತ. ಮತ್ತೆ ಕಡಿದ, ಮತ್ತೆ ನಿಂತ. ಒಣಗಿದ್ದೂ ಅಷ್ಟೇ, ಹಸಿಯದೂ ಅಷ್ಟೇ. ಸಂಜೆ ಹಲ್ಲಿನ ಸೆಟ್ಟನ್ನು ನೀರಿನ ಲೋಟಕ್ಕೆ ಹಾಕಿ, ಅದನ್ನೇ ನೋಡುತ್ತ ಕೂತವನು ನನಗೆ ಒಂದು ಮಾತು ಹೇಳಿದ.

"ಕಟ್ಟಿಸಿದ ಹಲ್ಲಿಗೆ ನರ ಇಲ್ಲಪಾ. ಕಡೀತಾವ, ತಿಳಿಯೂದಿಲ್ಲ. ಮಿಲ್ಲಿನ ಮಷೀನೂ ಹಂಗ. ಮುಂದ ಒಂದು ಕಾಲ ಬರ್ತೈತಿ ನೋಡು, ಮಷೀನಿಗೆ ನರ ಬರ್ತಾವ. ತಾನ ಮುಟ್ಟಿ ತಾನ ಹೇಳ್ತೈತಿ, ಇದು ಹಸಿ, ಇದು ಒಣ ಅಂತ."

ಅವತ್ತಿನಿಂದ ಮಾವನಿಗೆ ಹುಚ್ಚು ಹಿಡಿಯಿತು. ಯಂತ್ರಕ್ಕೆ ನರ ಕೂಡಿಸುವ ಹುಚ್ಚು. ಮೊದಲು ಬಂದದ್ದು ಉಪ್ಪಿನ ಬಾಟಲಿ. ಬಾಟಲಿಯಲ್ಲಿ ಭತ್ತ, ಉಪ್ಪು ಎರಡನ್ನೂ ಹಾಕಿ ಅಲ್ಲಾಡಿಸಿದರೆ, ಭತ್ತ ಹಸಿಯಿದ್ದಾಗ ಉಪ್ಪು ಗಾಜಿಗೆ ಅಂಟುತ್ತದೆ ಎಂದು ರೇಡಿಯೋದಲ್ಲಿ ಕೇಳಿದ್ದ. ಮಾತು ಸುಳ್ಳಲ್ಲ. ಆದರೆ ಮಹಾರಾಯ ಉಪ್ಪು ತಂದದ್ದು ಬಚ್ಚಲಿಗೆ ಹತ್ತಿದ ಗೋಡೆಯ ಗೂಡಿನಿಂದ! ಉಪ್ಪೇ ಹಸಿ. ಆ ವಾರ ಬಂದ ಭತ್ತವೆಲ್ಲ ಹಸಿ. ಚಕ್ಕಡಿಗಳು ತಿರುಗಿ ಹೋದವು, ಒಣಗಿಸಿಕೊಂಡು ಬಂದವು, ಮತ್ತೆ ತಿರುಗಿ ಹೋದವು. ಕೊನೆಗೆ ಒಬ್ಬ ಮುದುಕ ಚೀಲ ಇಳಿಸದೆಯೇ ಕೈಮುಗಿದ. "ಇನ್ನೂ ಬಿಸಿಲಿಗೆ ಹಾಕಿದ್ರ ಹುರಿದಂಗ ಅರಳಿ ಅಳ್ಳ ಆಗ್ತಾವ್ರಿ. ಹೇಳಿಬಿಡ್ರಿ, ಬೆಲ್ಲಾನೂ ತರ್ತೇನಿ."

ಆಮೇಲೆ ಬಂದದ್ದು ಕೂದಲು. ಹಾನಗಲ್ಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರೊಬ್ಬರು, ಹವೆಯಲ್ಲಿ ತೇವ ಹೆಚ್ಚಿದರೆ ಮನುಷ್ಯರ ಕೂದಲು ತುಸು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ ಎಂದು ಮಾವನಿಗೆ ಹೇಳಿದರು. ಮಾವ ಮನೆಗೆ ಬಂದವನೇ ಒಂದು ಕೂದಲಿಗಾಗಿ ಅತ್ತೆಯ ಮುಂದೆ ಕೈಯೊಡ್ಡಿದ. ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಸೀಗೇಕಾಯಿ ಹಾಕಿ ತಲೆ ತೊಳೆದುಕೊಂಡು, ಉದ್ದನೆಯದೊಂದನ್ನು ಕಿತ್ತು ಕೊಟ್ಟಳು. ಮಾವ ಒಂದು ಕಟ್ಟಿಗೆ ಪೆಟ್ಟಿಗೆ ಮಾಡಿಸಿ, ಒಳಗೆ ಆ ಕೂದಲನ್ನು ಬಿಗಿದು, ತುದಿಗೆ ಕಸಬರಿಗೆಯ ಕಡ್ಡಿಯ ಮುಳ್ಳು ಕೂಡಿಸಿದ. ಒಂದು ಬದಿಗೆ ‘ಒಣ’, ಇನ್ನೊಂದು ಬದಿಗೆ ‘ಹಸಿ’ ಎಂದು ಬರೆದ. ಕೆಳಗೆ ಹಿಡಿ ಭತ್ತ ಹಾಕಿ ಮುಚ್ಚಿದರೆ, ಚಹಾ ಕುಡಿಯುವುದರೊಳಗೆ ಮುಳ್ಳು ಸರಿದು ಸುದ್ದಿ ಹೇಳುತ್ತಿತ್ತು. ಮನುಷ್ಯರ ಉಸಿರು ತಗುಲಿದರೂ ಮುಳ್ಳು ಹಸಿಯ ಕಡೆಗೆ ಓಡುತ್ತಿತ್ತಾದ್ದರಿಂದ, ಪೆಟ್ಟಿಗೆ ತೆರೆದಾಗ ಎಲ್ಲರೂ ಉಸಿರು ಹಿಡಿಯಬೇಕೆಂದು ಕಟ್ಟಪ್ಪಣೆ. ಸಾಹುಕಾರರೂ ಮೂಗು ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ!

ಆದರೆ ಮಿಲ್ಲಿನಲ್ಲಿ ಹೆಂಗಸಿನ ಕೂದಲು ಕಟ್ಟಿದ್ದಾರೆ ಎಂದರೆ ಊರು ಸುಮ್ಮನಿರುತ್ತದೆಯೇ? ಮಾಟ ಎಂದರು. ಹಮಾಲರು ಒಳಗೆ ಬರಲು ಒಲ್ಲೆ ಎಂದರು. ಚಕ್ಕಡಿಗಳು ಬೇರೆ ಮಿಲ್ಲಿನ ದಾರಿ ಹಿಡಿದವು. ಸಾಹುಕಾರರು ನೊಂದುಕೊಂಡೇ, ಪೆಟ್ಟಿಗೆ ತೆಗೆದುಬಿಡು ಎಂದರು. ಪೆಟ್ಟಿಗೆ ಹೋದರೆ ಮಾವನೂ ಹೋದಂತೆಯೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಅತ್ತೆ ತಾನೇ ಮಿಲ್ಲಿಗೆ ಬಂದಳು. ಹಮಾಲರು, ರೈತರು ಎಲ್ಲ ನಿಂತಿದ್ದರು. ಅವಳು ಅಂಗಳದ ನಡುವೆ ನಿಂತು ತುರುಬು ಬಿಚ್ಚಿದಳು. ಆ ಕೂದಲು ಇಳಿದ ಪರಿ ನೋಡಿ ಎತ್ತುಗಳೂ ಮೇವು ಬಿಟ್ಟವು ಎಂದು ಮಾವ ಆಮೇಲೆ ಹೇಳುತ್ತಿದ್ದ. ಎತ್ತಿನ ಮಾತು ಬಿಡಿ, ಮನುಷ್ಯರಂತೂ ಎರಡು ಹೆಜ್ಜೆ ಹಿಂದೆ ಸರಿದರು.

"ಒಳಗ ಇರೂದು ನನ್ನ ಕೂದಲ. ಮಾಟ ಆಗಿದ್ರ ಮೊದಲ ನನಗ ಬಡೀಬೇಕು. ಬಡದ್ರ ಬಂದು ಹೇಳ್ತೇನಿ" ಎಂದಳು. ಹೋಗುವವಳು ತಿರುಗಿ ನಿಂತು, "ಇವರ ಹಲ್ಲು ಹೋಗ್ಯಾವು. ಅದನ್ನ ನಿಮಗ ಹೇಳಾಕ ಇವರಿಗೆ ನಾಚಿಕಿ. ನನಗೇನು ನಾಚಿಕಿ ಇಲ್ಲ. ನನ್ನ ತಲ್ಯಾಗ ಕೂದಲ ಇರೂತನಕ ಇವರ ಮಾತು ನಡೀಬೇಕು" ಎಂದು ಹೇಳಿ, ತುರುಬು ಕಟ್ಟಿಕೊಂಡು ಹೊರಟುಹೋದಳು.

ಪೆಟ್ಟಿಗೆ ಉಳಿಯಿತು. ಮಾವನೂ ಉಳಿದ. ಕೂದಲು ಹಳತಾಗಿ ಹರಿದಾಗಲೆಲ್ಲ ಅತ್ತೆ ಇನ್ನೊಂದನ್ನು ಕಿತ್ತು ಕೊಡುತ್ತಿದ್ದಳು. ಮಾವನಿಗೆ ಈಗ ಬಾಯಿ ಮತ್ತೆ ಬಂದಿತ್ತು. ಮುಂದೆ ಪ್ರತಿ ಕಾರ್ಖಾನೆಯಲ್ಲಿ, ಪ್ರತಿ ಗಾಲಿಗೆ, ಪ್ರತಿ ಬೆಲ್ಟಿಗೆ ಇಂಥದೊಂದು ಕೂದಲು ಇರುತ್ತದೆ ಎಂದು ಬಂದವರಿಗೆಲ್ಲ ಭಾಷಣ ಮಾಡುತ್ತಿದ್ದ. ಅಷ್ಟೆಲ್ಲ ಕೂದಲು ಯಾರು ಕೊಡುತ್ತಾರೆ ಎಂದು ಅತ್ತೆ ಕೇಳುತ್ತಿದ್ದಳು.

ಎಂಬತ್ತರ ದಶಕದಲ್ಲಿ ಅತ್ತೆ ಕಾಯಿಲೆ ಬಿದ್ದಳು. ಆ ಕೂದಲೆಲ್ಲ ಅವಳಿಗಿಂತ ಮೊದಲೇ ಹೋಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಅವಳೂ ಹೋದಳು. ಅದರ ಬಗ್ಗೆ ಚೇಷ್ಟೆಯಾಗಿ ಹೇಳಲು ನನಗೆ ಏನೂ ಗೊತ್ತಿಲ್ಲ. ಅದೇ ಸುಗ್ಗಿಗೆ ಮಿಲ್ಲಿಗೆ ಪೇಟೆಯಿಂದ ಭತ್ತದ ಹಸಿ ಅಳೆಯುವ ಕರೆಂಟಿನ ಮೀಟರು ಬಂತು. ಸಾಹುಕಾರರು ಅದನ್ನು ಮಾವನ ಕೈಗೇ ಕೊಟ್ಟರು. ಮಾವ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಹಾನಗಲ್ಲಿಗೆ, ನಮ್ಮ ಮನೆಗೆ ಬಂದ. ಅಲ್ಲಿಂದಲೇ ಬಸ್ಸಿನಲ್ಲಿ ಮಿಲ್ಲಿಗೆ ಹೋಗಿಬರುತ್ತಿದ್ದ.

ಆ ಬೇಸಿಗೆಯಲ್ಲಿ ಅವ್ವ ಮಾಳಿಗೆಯ ಮೇಲೆ ಸಂಡಿಗೆ ಇಟ್ಟಿದ್ದಳು. ರಜೆಯ ದಿನ ಮಾವ ಕೋಣೆಯಿಂದ ಕೂಗಿದ: ಮುಳ್ಳು ಹಸಿಗೆ ಬಂದಿದೆ, ಮಳೆ ಬರುತ್ತದೆ, ಸಂಡಿಗೆ ಒಳಗೆ ತನ್ನಿ. ನಾವು ಓಡಿಹೋಗಿ ತಂದೆವು. ಮಳೆ ಬರಲಿಲ್ಲ. ಮುಂದಿನ ರಜೆಗೂ ಹಾಗೇ ಆಯಿತು. ಸಂಡಿಗೆ ಅರೆ ಹಸಿಯಾಗಿಯೇ ಉಳಿದು ಅವ್ವ ಗೊಣಗತೊಡಗಿದಳು. ಪೆಟ್ಟಿಗೆಗೂ ವಯಸ್ಸಾಗಿದೆ ಎಂದು ಮಾವನನ್ನು ಕಾಡಿಸೋಣವೆಂದು ನಾನು ಕೋಣೆಗೆ ಹೋದೆ.

ಬಾಗಿಲು ಅರ್ಧ ತೆರೆದಿತ್ತು. ಮಾವ ಪೆಟ್ಟಿಗೆಯ ಮುಚ್ಚಳ ತೆಗೆದು, ಮುಖ ಹತ್ತಿರ ತಂದು ಮಾತಾಡುತ್ತಿದ್ದ. ಹೊಸ ಮೀಟರಿನ ಸುದ್ದಿ, ಚಿಕ್ಕೇರೂರಿನ ಆ ರೈತ ಮತ್ತೆ ಬಂದ ಸುದ್ದಿ, ನಮ್ಮವ್ವನ ಸಾರಿಗೆ ಉಪ್ಪು ಹೆಚ್ಚಾದ ಸುದ್ದಿ. ಪೆಟ್ಟಿಗೆಯಲ್ಲಿ ಇನ್ನೂ ಅತ್ತೆಯ ಕೂದಲೇ ಇತ್ತು, ಅವಳು ಕೊಟ್ಟ ಕೊನೆಯದು. ಮಾವನ ಉಸಿರು ತಗುಲಿದಂತೆಲ್ಲ ಮುಳ್ಳು ಮೆಲ್ಲಗೆ ಹಸಿಯ ಕಡೆಗೆ ಸರಿಯುತ್ತಿತ್ತು. ಸಾಹುಕಾರರಿಗೇ ಮೂಗು ಹಿಡಿಸಿದವನಿಗೆ ಇದು ಗೊತ್ತಿಲ್ಲದೆ ಇದ್ದೀತೇ? ನಾನು ಸದ್ದು ಮಾಡದೆ ಹಿಂದಕ್ಕೆ ಬಂದು, ಕಂಡದ್ದನ್ನು ಅವ್ವನಿಗೆ ಹೇಳಿದೆ.

ಅಷ್ಟರಲ್ಲಿ ಮಾವ ಕೂಗಿದ. "ಅಕ್ಕಾ, ಹಸಿ ತೋರಸಾಕತ್ತೈತಿ."

ಹೊರಗೆ ನೆತ್ತಿ ಸುಡುವ ಬಿಸಿಲು. ಅಂಗೈಯಗಲ ಮೋಡ ಇರಲಿಲ್ಲ. ಅವ್ವ ಮಾಳಿಗೆ ಹತ್ತಿ, ಸಂಡಿಗೆಯ ಬಟ್ಟೆಯನ್ನು ಜೋಪಾನವಾಗಿ ಮಡಚಿಕೊಂಡು ಇಳಿದು ಬಂದಳು. ಕೋಣೆಯ ಬಾಗಿಲ ಮುಂದೆ ನಿಂತು, ತಮ್ಮನ ಮುಖ ನೋಡದೆ ಹೇಳಿದಳು:

"ಸಂಡಿಗಿ ಒಳಗ ತಗೊಂಡೀನಪಾ. ಆಕಿಗೂ ಹೇಳು."