ಅಕ್ಕನ ಹಳದಿ ಗೌನು

ಬಟ್ಟೆ ಡಾಕ್ಟರು ಆ ದಿನ ಬೆಳಿಗ್ಗೆ ಅಕ್ಕನಿಗೆ ಮೊದಲು ಹೇಳಿದ್ದು ಒಂದೇ ಮಾತು: “ಬೇಡ.” ಅದನ್ನೂ ಬಾಯಲ್ಲಿ ಟೂತ್‌ಬ್ರಷ್ ಇಟ್ಟುಕೊಂಡೇ ಹೇಳಿದ್ದರು. ಆ ಒಂದು ಮಾತನ್ನು ವಾಪಸು ತೆಗೆದುಕೊಳ್ಳಲು ಹೋಗಿ ಅವರು ದಿನವಿಡೀ ಬೀದಿ ಅಲೆದು, ತುಂಬಿದ ಸಭೆಯಲ್ಲಿ ನಗೆಪಾಟಲಾಗಬೇಕಾಯಿತು.

ಬಟ್ಟೆ ಡಾಕ್ಟರು ಎಂಬುದು ಬೀದಿಯವರು ಇಟ್ಟ ಹೆಸರು. ಬಾಗಿಲ ಫಲಕದಲ್ಲಿ ‘ಉಡುಪು ಮತ್ತು ಅಭಿರುಚಿ ಸಲಹೆಗಾರರು’ ಎಂದು ಬರೆದಿತ್ತು. ಅಷ್ಟುದ್ದ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಯಾರಿಗೆ ಯಾವ ಬಣ್ಣ ಒಪ್ಪುತ್ತದೆ, ಯಾವ ಕಾಲರು ಕುತ್ತಿಗೆಯನ್ನು ನುಂಗಿಹಾಕುತ್ತದೆ ಎಂದು ಹೇಳುವುದು ಅವರ ಕಸುಬು. ಜೊತೆಗೆ ಸಂಜೆ ಪತ್ರಿಕೆಯಲ್ಲಿ ವಾರಕ್ಕೊಂದು ಅಂಕಣ. ಕಾಲುಚೀಲ, ಛತ್ರಿಯ ಹಿಡಿಕೆ, ಬಾಗಿಲಿಗೆ ಹಾಕುವ ಕಾಲೊರಸು, ಹೀಗೆ ಅವರ ಅಭಿಪ್ರಾಯದಿಂದ ತಪ್ಪಿಸಿಕೊಂಡ ವಸ್ತು ಲೋಕದಲ್ಲಿ ಇರಲಿಲ್ಲ. ಅವರ ಸಲಹೆ ಕೇಳಿ ಹೋದವರು ಯಾರೂ ಕೆಟ್ಟೆವೆಂದು ವಾಪಸು ಬಂದದ್ದಿಲ್ಲ. ಅವರಿಗೆ ತಮ್ಮ ಕಣ್ಣಿನ ಮೇಲೆ ಇದ್ದ ನಂಬಿಕೆ ತಮ್ಮ ಕಾಲಿನ ಮೇಲೂ ಇರಲಿಲ್ಲ.

ಅಕ್ಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಆ ದಿನ ಅವಳ ನಿವೃತ್ತಿ. ಮಧ್ಯಾಹ್ನದ ಮೇಲೆ ಶಾಲೆಯ ಸಭಾಂಗಣದಲ್ಲಿ ಬೀಳ್ಕೊಡುಗೆ. ಬೆಳಿಗ್ಗೆಯೇ ಎರಡು ಉಡುಪು ತೋಳಿನ ಮೇಲೆ ಹಾಕಿಕೊಂಡು ತಮ್ಮನ ಮನೆಗೆ ಬಂದಿದ್ದಳು. ಮೊದಲು ಒಂದು ಹಳದಿ ಗೌನನ್ನು ಮೈಗೆ ಹಿಡಿದು ತೋರಿಸಿದಳು. ಡಾಕ್ಟರು ಬೇಡವೆಂದರು, ಬಾಯಿ ತೊಳೆದುಕೊಂಡು, ಈ ಬಣ್ಣ ಐವತ್ತು ದಾಟಿದ ಯಾವ ಹೆಂಗಸಿಗೂ ಸಲ್ಲದೆಂದು ಷರಾ ಸೇರಿಸಿದರು. ಆಮೇಲೆ ಅವಳು ಬೂದು ಬಣ್ಣದ್ದನ್ನು ತೋರಿಸಿದಳು. ಡಾಕ್ಟರು ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಚೆನ್ನಾಗಿದೆ, ಇದೇ ಸರಿ ಎಂದರು. ಅಕ್ಕ ಹಳದಿಯನ್ನು ಮೆಲ್ಲಗೆ ಮಡಿಸಿಕೊಂಡು ಹೊರಟುಹೋದಳು.

ಅವಳು ಅತ್ತ ಹೋದಳೋ ಇಲ್ಲವೋ, ಹೆಂಡತಿ ಕಾಫಿ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು.

“ಅಲ್ಲಾ ರೀ, ಅಕ್ಕ ಯಾವತ್ತಾದ್ರೂ ತನಗೆ ಅಂತ ಒಂದು ಬಣ್ಣ ಇಷ್ಟಪಟ್ಟಿದ್ದು ನೋಡಿದ್ದೀರಾ? ಜನ್ಮಕ್ಕೊಂದ್ಸಲ ಹಳದಿ ಹಿಡ್ಕೊಂಡು ಬಂದ್ರು. ಅವರ ಮುಖ ಎಷ್ಟು ಇಳಿದುಹೋಯ್ತು ಅಂತ ನೋಡ್ಲಿಲ್ವಾ?”

ಡಾಕ್ಟರು ಮುಖ ನೋಡಿರಲಿಲ್ಲ. ಅವರು ನೋಡಿದ್ದು ಗೌನನ್ನು ಮಾತ್ರ.

ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಅಮ್ಮ ಹೋದಾಗ ಅವರಿನ್ನೂ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅಂಗಿಯ ಗುಂಡಿ ಹಾಕಿ, ತಲೆ ಬಾಚಿ, ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದವಳು ಅಕ್ಕ. ಟೀಚರಾದ ಮೇಲೆ ಅವಳು ತೊಟ್ಟದ್ದೆಲ್ಲ ಬೂದು ಬಣ್ಣವೇ. ಸೀಮೆಸುಣ್ಣದ ಧೂಳು ಅದರ ಮೇಲೆ ಕಾಣುವುದಿಲ್ಲ ಎಂದು ಒಮ್ಮೆ ಹೇಳಿದ್ದಳು. ಧೂಳೆಲ್ಲ ಮುಗಿದ ದಿನವಾದರೂ ಬಣ್ಣ ತೊಡೋಣವೆಂದು ಆಸೆಪಟ್ಟು ಬಂದರೆ, ತಾನು ಅವಳನ್ನು ಮತ್ತೆ ಬೂದುಬಣ್ಣಕ್ಕೇ ನೂಕಿ ಕಳಿಸಿದ್ದಾಯಿತು. ಡಾಕ್ಟರು ಫೋನು ಮಾಡಿದರು; ಅಕ್ಕ ಎತ್ತಲಿಲ್ಲ, ಆಗಲೇ ಶಾಲೆ ಸೇರಿರಬೇಕು. ಹಾಗಾದರೆ ಹಳದಿ ಗೌನನ್ನು ತಾನೇ ಅಲ್ಲಿಗೆ ಮುಟ್ಟಿಸಿ, ತಪ್ಪಾಯಿತೆಂದು ಹೇಳಿ, ಸಭೆ ಶುರುವಾಗುವುದರೊಳಗೆ ತೊಡಿಸಬೇಕು ಎಂದು ನಿಶ್ಚಯಿಸಿ ಹೊರಟರು.

ಅಕ್ಕನ ಮನೆ ನಾಲ್ಕು ಬೀದಿ ಆಚೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಅಲ್ಲಿ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಮುದುಕ ಸದಾ ಕೂತಿರುತ್ತಿದ್ದ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. ಹತ್ತುವವರನ್ನೂ ಇಳಿಯುವವರನ್ನೂ ಎಲ್ಲಿಂದ ಎಲ್ಲಿಗೆಂದು ವಿಚಾರಿಸದೆ ಬಿಡುತ್ತಿರಲಿಲ್ಲ. ಎಲ್ಲರೂ ಅವನನ್ನು ಟಿಕೆಟ್ ಮಾವ ಎಂದೇ ಕರೆಯುತ್ತಿದ್ದರು. ಅವನ ವಿಚಾರಣೆ ಮುಗಿಸಿಕೊಂಡು ಡಾಕ್ಟರು ಮೇಲೆ ಹೋದರೆ ಮನೆಗೆ ಬೀಗ. ಆದರೆ ಅದೃಷ್ಟ ನೋಡಿ, ಅಕ್ಕನ ಬಾಗಿಲಿಗೂ ಎದುರುಮನೆ ಬಾಗಿಲಿಗೂ ನಡುವೆ ಕಟ್ಟಿದ ಹಗ್ಗದ ಮೇಲೆ ಅದೇ ಹಳದಿ ಗೌನು ಗಾಳಿಗೆ ತೂಗಾಡುತ್ತಿತ್ತು. ಬೇಡವೆನ್ನಿಸಿಕೊಂಡ ಗೌನು ಅಲ್ಲಿ ಒಂಟಿಯಾಗಿ ನೇತಾಡುವುದನ್ನು ಕಂಡು ಡಾಕ್ಟರ ಕಣ್ಣು ಒದ್ದೆಯಾಯಿತು. ಹ್ಯಾಂಗರಿನ ಸಮೇತ ತೆಗೆದುಕೊಂಡು ಇಳಿದರು.

ಟಿಕೆಟ್ ಮಾವ ಗೌನನ್ನು ಮೇಲಿಂದ ಕೆಳಗಿನ ತನಕ ನೋಡಿ ಯಾರದೆಂದು ಕೇಳಿದ. ಅಕ್ಕನದು ಎಂದರು ಡಾಕ್ಟರು. ಅಕ್ಕನಿಗೆ ಇದು ನೆಲ ಗುಡಿಸುತ್ತದಲ್ಲ ಎಂದ ಮಾವ. ಡಾಕ್ಟರು ಹಿಡಿದು ನೋಡಿದರು. ಹೌದು, ಉದ್ದವೇ. ಬಣ್ಣದ ಆಸೆಗೆ ಪಾಪ, ಅಳತೆಯನ್ನೂ ನೋಡದೆ ಕೊಂಡಿದ್ದಾಳೆ ಎಂದು ಅವರ ಮರುಕ ಇನ್ನಷ್ಟು ಹೆಚ್ಚಿತು. ನೇರ ಮೂಲೆಯ ದರ್ಜಿಯ ಅಂಗಡಿಗೆ ನಡೆದರು.

ದಾರಿಯಲ್ಲಿ ಗಾಳಿ ಬೀಸಿ ಗೌನಿನ ಎರಡು ತೋಳೂ ಅವರ ಕೊರಳಿಗೆ ಸುತ್ತಿಕೊಂಡವು. ದೂರದಿಂದ ನೋಡಿದವರಿಗೆ ಬಹಳ ದಿನದ ಮೇಲೆ ಸಿಕ್ಕ ನೆಂಟರು ತಬ್ಬಿಕೊಂಡು ಬರುತ್ತಿರುವ ಹಾಗೆ ಕಾಣುತ್ತಿತ್ತು. ಹಳೆಯ ಗಿರಾಕಿಗಳಿಬ್ಬರು ಎದುರಾಗಿ, ಈ ವರ್ಷ ಹಳದಿ ಬಂತೇ ಎಂದು ಗಂಭೀರವಾಗಿ ಕೇಳಿ ಹೋದರು.

ದರ್ಜಿ ಗೌನನ್ನು ಹರಡಿಕೊಂಡು ಅಳತೆ ಕೇಳಿದ. ಅಕ್ಕನ ಅಳತೆಗೆ ಟೇಪು ಬೇಕಿಲ್ಲ, ತಮ್ಮ ಕಣ್ಣೇ ಸಾಕೆಂದರು ಡಾಕ್ಟರು. ಕೆಳಗೆ ಒಂದು ಗೇಣು ಕತ್ತರಿಸಬೇಕು, ಪಕ್ಕದಲ್ಲಿ ಹಿಡಿಯಬೇಕು, ತೋಳು ಮೊಟಕು ಮಾಡಬೇಕು. ದರ್ಜಿ ಕತ್ತರಿ ಎತ್ತಿದವನು ಹಾಗೇ ನಿಂತ.

“ಒಂದ್ಸಲ ಅವರೇ ಹಾಕಿ ನೋಡಿದ್ರೆ ಒಳ್ಳೇದಿತ್ತು ಸಾರ್. ಕತ್ತರಿಸಿದ ಮೇಲೆ ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ.”

ಡಾಕ್ಟರು ಕಣ್ಣು ಮುಚ್ಚಿಕೊಂಡು, ಕತ್ತರಿಸು ಎಂದರು.

ಹೊಲಿದು ಇಸ್ತ್ರಿ ಮಾಡುವಷ್ಟರಲ್ಲಿ ಹೊತ್ತು ಮೀರಿತ್ತು. ಡಾಕ್ಟರು ಓಡುನಡಿಗೆಯಲ್ಲಿ ಶಾಲೆ ಮುಟ್ಟಿದಾಗ ಸಭೆ ಶುರುವಾಗಿ ಭಾಷಣ ನಡೆಯುತ್ತಿತ್ತು. ಮುಂಬಾಗಿಲಿನಿಂದ ಹೋಗಲು ಸಂಕೋಚವಾಗಿ ಹಿಂದಿನ ಬಾಗಿಲಿನಿಂದ ನುಸುಳಿ, ವೇದಿಕೆಯ ಮೇಲೆ ಮುಚ್ಚಿದ್ದ ಪರದೆಯ ಹಿಂದೆ ನಿಂತರು. ಅಕ್ಕ ಪರದೆಯ ಮುಂದೆ ಕೂತಿದ್ದಳು. ಬಟ್ಟೆಯ ಸಂದಿನಲ್ಲಿ ಪಿಸುಗುಟ್ಟಿ ಅವಳನ್ನು ಒಳಗೆ ಕರೆಯಬೇಕೆಂಬುದು ಅವರ ಉಪಾಯ. ಸಂದು ಹುಡುಕುತ್ತಿರುವಾಗಲೇ ಭಾಷಣ ಮುಗಿದು, ಮಕ್ಕಳ ಹಾಡಿಗೆಂದು ಸಂಗೀತದ ಮೇಷ್ಟರು ಹಗ್ಗ ಎಳೆದರು. ಪರದೆ ಸರ್ರನೆ ಎರಡು ಹೋಳಾಯಿತು.

ಹಾಡಬೇಕಿದ್ದ ಮಕ್ಕಳು ಇನ್ನೂ ಬಂದಿರಲಿಲ್ಲ. ಮಕ್ಕಳಿಗೆಂದು ಇಟ್ಟ ಮೈಕಿನ ಮುಂದೆ, ಹಳದಿ ಗೌನನ್ನು ಎದೆಗೆ ಅವಚಿಕೊಂಡು, ಬೆವರಿ ತೊಪ್ಪೆಯಾದ ಬಟ್ಟೆ ಡಾಕ್ಟರು ಒಬ್ಬರೇ ನಿಂತಿದ್ದರು.

ಸಭೆಯಲ್ಲಿ ನಗೆ ಎದ್ದಿತು. ಮೊದಲು ಹಿಂದಿನ ಸಾಲಿನ ಮಕ್ಕಳು, ಆಮೇಲೆ ಮೇಷ್ಟರುಗಳು, ಕೊನೆಗೆ ಮುಖ್ಯ ಅತಿಥಿಗಳು ಕೂಡ. ಡಾಕ್ಟರಿಗೆ ಓಡಿಹೋಗಬೇಕೆನ್ನಿಸಿತು. ಆದರೆ ಅಕ್ಕ ಹಿಂತಿರುಗಿ ನೋಡುತ್ತಿದ್ದಳು. ಬೂದು ಉಡುಪಿನಲ್ಲಿ ಅವಳು ಬಹಳ ದಣಿದವಳ ಹಾಗೆ ಕಂಡಳು. ಅವರು ಮೈಕಿಗೆ ಬಾಗಿದರು.

“ನಮ್ಮಕ್ಕ ಇಷ್ಟು ವರ್ಷ ಬೂದು ಬಣ್ಣ ಹಾಕಿದ್ದು ಸೀಮೆಸುಣ್ಣದ ಧೂಳು ಕಾಣಬಾರದು ಅಂತ. ಇವತ್ತಿಗೆ ಧೂಳು ಮುಗೀತು. ಇವತ್ತೊಂದಿನ ಹಳದಿ ಹಾಕ್ಲಾ ಅಂತ ನನ್ನ ಕೇಳೋಕೆ ಬಂದ್ಲು. ನಾನು ಅವಳ ಮುಖ ಕೂಡ ನೋಡದೆ ಬೇಡ ಅಂದುಬಿಟ್ಟೆ. ತಪ್ಪಾಯ್ತು ಅಕ್ಕಾ. ಇದು ನಿಂಗೆ ಚೆನ್ನಾಗಿ ಒಪ್ಪುತ್ತೆ. ಹಾಕ್ಕೋ.”

ನಗೆ ನಿಂತುಹೋಯಿತು. ಯಾರೋ ಮೂಗು ಸೀಟಿದರು. ಸಂಗೀತದ ಮೇಷ್ಟರು ಹಗ್ಗವನ್ನು ಹಿಡಿದೇ ಕಣ್ಣೊರೆಸಿಕೊಂಡರು. ಅಕ್ಕ ಮಾತ್ರ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಮೂರನೇ ಸಾಲಿನಲ್ಲಿ ಒಬ್ಬಾಕೆ ಎದ್ದು ನಿಂತರು. ನಿಂತರು ಎನ್ನುವುದಕ್ಕಿಂತ ಏಣಿ ಬಿಚ್ಚಿಕೊಂಡ ಹಾಗೆ ಮೇಲೇರಿದರು ಎನ್ನಬೇಕು, ಅಷ್ಟು ಎತ್ತರ. ಅಕ್ಕನ ಎದುರುಮನೆಯ ದಂತವೈದ್ಯೆ; ಡಾಕ್ಟರ ಹಳೆಯ ಗಿರಾಕಿ.

“ಅದು ನನ್ನ ಗೌನು,” ಎಂದರು ಆಕೆ. “ಇವತ್ತು ರಾತ್ರಿ ನಮ್ಮ ವೈದ್ಯರ ಔತಣಕ್ಕೆ ಹಾಕ್ಕೋಬೇಕು ಅಂತ ಗಾಳಿಗೆ ಹಾಕಿದ್ದೆ.”

ಆಮೇಲೆ ಗೌನಿನ ಕೆಳಗಿನ ಅಂಚನ್ನು ನೋಡಿ, ಅದು ಈಗ ತಮಗೆ ಎಲ್ಲಿಯ ತನಕ ಬರುತ್ತದೆಂದು ಆಕೆ ಕೈಯಿಂದ ಅಳೆದುಕೊಂಡರು.

ಸಭೆ ಹೇಗೋ ಮುಗಿಯಿತು. ಅಕ್ಕ ತಮ್ಮನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿಕೊಂಡು, ಕುರ್ಚಿಗೆ ಒರಗಿ ಮನಸಾರೆ ನಕ್ಕಳು. ಸಭೆಯಲ್ಲೂ ಅವಳು ಅತ್ತಿರಲಿಲ್ಲ, ನಗು ತಡೆದುಕೊಂಡಿದ್ದಳು. ನಗೆ ಒಂದು ಹದಕ್ಕೆ ಬಂದ ಮೇಲೆ ಹೇಳಿದಳು: ಹಳದಿ ಅವಳಿಗೆ ಮೊದಲಿನಿಂದಲೂ ಆಗದು. ಬೂದುಬಣ್ಣದ್ದನ್ನು ತಿಂಗಳ ಹಿಂದೆಯೇ ತಾನೇ ಬಟ್ಟೆ ಆರಿಸಿ ಹೊಲಿಸಿಕೊಂಡಿದ್ದಳು. ಹಳದಿ ಗೌನನ್ನು ಅವನಿಗೆ ತೋರಿಸುವ ಸಲುವಾಗಿಯೇ ಎದುರುಮನೆಯಾಕೆಯಿಂದ ಎರವಲು ತಂದು, ತೋರಿಸಿದ ಮೇಲೆ ವಾಪಸು ಕೊಟ್ಟಿದ್ದಳು.

“ನನಗೆ ತೋರಿಸೋಕೆ ಯಾಕೆ?”

“ನೀನು ಯಾವತ್ತಾದ್ರೂ ಮೊದಲು ತೋರಿಸಿದ್ದಕ್ಕೆ ಹೂಂ ಅಂದಿದ್ದೀಯೇನೋ? ಚಿಕ್ಕೋನಾಗಿದ್ದಾಗಿಂದ ಹಂಗೇ. ಮೊದಲನೇ ತುತ್ತು ಬೇಡ, ಎರಡನೇದು ಸರಿ. ನಿನ್ನ ಬೇಡ ಅನ್ನೋದನ್ನ ಮೊದಲು ಖರ್ಚು ಮಾಡಿಸಿಬಿಡಬೇಕು. ಬೀದಿಯವರಿಗೆಲ್ಲ ಗೊತ್ತು ಕಣೋ.”

ಇಷ್ಟು ವರ್ಷ ತಮ್ಮ ಕೋಣೆಗೆ ಬಂದವರೆಲ್ಲ ಡಾಕ್ಟರ ಕಣ್ಣ ಮುಂದೆ ಹಾದುಹೋದರು. ಒಬ್ಬೊಬ್ಬರ ಕೈಯಲ್ಲೂ ಎರಡೆರಡು. ಎರಡನೆಯದು ಅವರವರೇ ಆರಿಸಿಕೊಂಡು ತಂದದ್ದು. ತಮ್ಮ ಹೆಸರಾಂತ ಕಣ್ಣು ಆರಿಸಿದ್ದು ಏನೂ ಇಲ್ಲ. ಸಲಹೆ ಕೇಳಿ ಯಾರೂ ಕೆಡಲಿಲ್ಲ, ನಿಜ, ಕೇಳದಿದ್ದರೂ ಕೆಡುತ್ತಿರಲಿಲ್ಲ.

“ಹಂಗಾದ್ರೆ ನನ್ನ ಹತ್ರ ಬರೋದೇ ಯಾಕಕ್ಕ? ಬೇಕಾದ್ದು ಹಾಕ್ಕೊಂಡು ಹೋಗಬಹುದಿತ್ತು.”

ಅಕ್ಕ ಈಗ ನಗುತ್ತಿರಲಿಲ್ಲ.

“ಇವತ್ತು ಬೆಳಿಗ್ಗೆ ಕನ್ನಡಿ ಮುಂದೆ ನಿಂತಾಗ ಯಾಕೋ ಭಯ ಆಯ್ತು ಕಣೋ. ಮನೆಯೋರು ಯಾರಾದ್ರೂ ಒಬ್ಬರು ಚೆನ್ನಾಗಿದೆ ಅಂದ್ರೆ ಹೊರಡೋಣ ಅನ್ನಿಸ್ತು. ಮನೆಯೋರು ಅಂತ ನನಗೆ ಇನ್ಯಾರಿದ್ದಾರೆ?”

ಡಾಕ್ಟರು ಅವಳ ತೋಳಿನ ಮೇಲಿದ್ದ ಒಂದು ನೂಲಿನ ಎಳೆಯನ್ನು ತೆಗೆದುಹಾಕಿದರು. ಬೂದು ಅವಳಿಗೆ ನಿಜಕ್ಕೂ ಒಪ್ಪುತ್ತಿತ್ತು. ಅದನ್ನು ಬೆಳಿಗ್ಗೆ ಅವಳು ಮೊದಲು ತೋರಿಸಿದ್ದರೆ ತಾನು ಬೇಡವೆನ್ನುತ್ತಿದ್ದುದೂ ಅಷ್ಟೇ ನಿಜ.

ಇನ್ನು ದಂತವೈದ್ಯೆಗೆ ಔತಣಕ್ಕೆ ಒಂದು ಗೌನು ಆಗಬೇಕಿತ್ತು. ಡಾಕ್ಟರು ಕೈಮುಗಿದು ಕೇಳಿಕೊಂಡು ಆಕೆಯನ್ನು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಆಕೆ ದೂರಿದ್ದು ಒಂದೇ: ಹಳದಿಯನ್ನು ಹೋದ ತಿಂಗಳು ಮೆಚ್ಚಿ ಕೊಡಿಸಿದವರು ನೀವೇ, ನೀವೇ ಅದನ್ನು ಕತ್ತರಿಸಿದಿರಿ. ಅದು ಎರಡನೆಯದಾಗಿ ತೋರಿಸಿದ್ದಿರಬೇಕು ಎಂದು ಡಾಕ್ಟರಿಗೆ ಈಗ ಹೊಳೆಯಿತು. ಇನ್ನು ಮೇಲೆ ಯಾರು ಮೊದಲು ಏನೇ ತೋರಿಸಲಿ, ಅವರ ಮನಸ್ಸು ನೋಯಿಸಬಾರದೆಂದು ಅವರು ಅಲ್ಲೇ ಶಪಥ ಮಾಡಿದರು.

ಅಂಗಡಿಯಲ್ಲಿ ದಂತವೈದ್ಯೆ ಒಂದು ತಿಳಿನೀಲಿ ಗೌನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಟ್ಟು, ಮೇಲಿನ ಹಲಗೆಯ ಮೂಲೆಯಿಂದ ಇನ್ನೊಂದನ್ನು ಮೊದಲು ಇಳಿಸಲು ಹೇಳಿದರು. ಗಿಣಿಹಸಿರು ಮೈ, ಅದರ ಮೇಲೆ ತಟ್ಟೆಯಗಲದ ಕಿತ್ತಳೆ ಬೊಟ್ಟುಗಳು, ಭುಜದ ಮೇಲೆ ಎಲೆಕೋಸಿನಂಥ ನೆರಿಗೆ. ಅದನ್ನು ನೋಡಿ ಡಾಕ್ಟರ ಹಲ್ಲು ಜುಮ್ಮೆಂದವು. ಆದರೂ ಶಪಥ ಶಪಥವೇ.

“ಚೆನ್ನಾಗಿದೆ. ಇದೇ ತಗೊಳ್ಳಿ,” ಎಂದರು.

ದಂತವೈದ್ಯೆ ಬಾಯಿ ತೆರೆದು ನಿಂತರು. ಅಂಗಡಿಯವನೂ. ನಿಜವಾಗಿಯೂ ಚೆನ್ನಾಗಿದೆಯೇ ಎಂದು ಆಕೆ ಎರಡು ಸಲ ಕೇಳಿದರು. ಡಾಕ್ಟರು ಎರಡು ಸಲವೂ ತಲೆಯಾಡಿಸಿದರು. ಆಕೆ ಗೌನನ್ನು ಹೊಸದೊಂದು ಭಕ್ತಿಯಿಂದ ಮುಟ್ಟಿ ನೋಡಿದರು.

“ಮೊದಲನೇದಕ್ಕೇ ನೀವು ಹೂಂ ಅಂದಿದ್ದು ಇದೇ ಮೊದಲು. ಅಂದ ಮೇಲೆ ಇದರಲ್ಲಿ ನಮ್ಮ ಕಣ್ಣಿಗೆ ಕಾಣದ್ದು ಏನೋ ಇರಬೇಕು.”

ಒಳಗೆ ಹೋಗಿ ಅದನ್ನೇ ತೊಟ್ಟು ಬಂದರು. ನೀಲಿಯನ್ನೂ ಒಮ್ಮೆ ನೋಡಬಹುದಲ್ಲ ಎಂದು ಡಾಕ್ಟರು ತೊದಲಿದರೂ ಕೇಳಲಿಲ್ಲ. ಔತಣದಲ್ಲಿ ಯಾರು ಕೇಳಿದರೂ ಡಾಕ್ಟರ ಹೆಸರನ್ನೇ ಹೇಳುವುದಾಗಿ ಮಾತುಕೊಟ್ಟು, ದೀಪ ಹತ್ತಿದ ಬೀದಿಯಲ್ಲಿ ಆ ಎತ್ತರದ ಹಸಿರು ಹೊರಟೇಹೋಯಿತು.

ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಂಗಡಿಯವನು ಹಿಂದಿನಿಂದ ಬಂದು ವಿನಯದಿಂದ ಕೆಮ್ಮಿದ.

“ಸಾರ್, ಆ ನಮೂನೇದು ಒಳಗೆ ಒಂದು ದೊಡ್ಡ ಕಟ್ಟು ಹಾಗೇ ಬಿದ್ದಿದೆ. ಇಲ್ಲಿತನಕ ಯಾರೂ ಮುಟ್ಟಿರಲಿಲ್ಲ. ನಾಳೆಯಿಂದ ನಿಮ್ಮ ಫೋಟೊ ಜೊತೆ ಮುಂದುಗಡೆ ನೇತುಹಾಕ್ಲಾ?”